ಮನಸಾ, ವಾಚಾ, ಕರ್ಮಣಾ: ಆಯ್ಕೆಯ ದಿನಕ್ಕೆ ಮನೆಯ ಸಿದ್ಧತೆ

ಪಾವಗಡ ತಾಲ್ಲೂಕಿನ ರಾಯಚರ್ಲು ಗ್ರಾಮದ ಒಂದು ಮನೆಗೆ ಕರೆಪತ್ರ ಬಂದಿದೆಯೆಂದು ಭಾವಿಸೋಣ. ಆ ಮನೆಯ ಮಗ ಪಿ.ಯು.ಸಿ. ಮುಗಿಸಿ, ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಲಿಖಿತ ಪರೀಕ್ಷೆಯಲ್ಲಿ ಉತ್ತೀರ್ಣನಾಗಿದ್ದಾನೆ. ಇನ್ನು ಐದು ದಿನಗಳ ಆಯ್ಕೆಗಾಗಿ ಅವನು ಬೆಂಗಳೂರಿಗೆ ಹಾಜರಾಗಬೇಕಾಗಿದೆ. ಮೊದಲ ಗಳಿಗೆಯಲ್ಲಿ ಮನೆತುಂಬ ಸಂಭ್ರಮ, ಮರುಗಳಿಗೆಯಲ್ಲಿ ಮೌನ. “ಬರೆಯೋ ಪರೀಕ್ಷೆ ಆಗೋಯ್ತಲ್ಲಪ್ಪ, ಇನ್ನು ಐದು ದಿನ ಅದೇನು ನೋಡ್ತಾರೆ?” ಎಂದು ತಂದೆ ಕೇಳಿದರೆ ಮಗನಲ್ಲಿ ಉತ್ತರವಿಲ್ಲ. ಅಂಥ ಆಯ್ಕೆಗೆ ಹೋಗಿಬಂದವರು ಮನೆಯಲ್ಲಿಲ್ಲ, ಬೀದಿಯಲ್ಲಿಲ್ಲ, ಬಹುಶಃ ಊರಿನಲ್ಲಿಯೂ ಇಲ್ಲ. ಆ ಮೌನವನ್ನು ಕುರಿತು ಈ ವಾರ ಕೆಲವು ಮಾತುಗಳನ್ನು ವಾಚಕರ ಮುಂದಿಡಬಯಸುತ್ತೇವೆ.

ರಾಯಚರ್ಲು ಇಂದು ನಾಡಿಗೆ ಪರಿಚಿತವಾದ ಹೆಸರು. ತಿರುಮಣಿ, ಬಳಸಮುದ್ರ, ವಳ್ಳೂರು, ಕ್ಯಾತಗಾನಚರ್ಲು ಮತ್ತು ರಾಯಚರ್ಲು ಗ್ರಾಮಗಳ ಸುಮಾರು 13,000 ಎಕರೆ ಭೂಮಿಯಲ್ಲಿ ಪಾವಗಡದ ಸೌರವಿದ್ಯುತ್ ಪಾರ್ಕು ಹರಡಿಕೊಂಡಿದೆ. 2018ರ ಮಾರ್ಚ್ 1ರಂದು ಅದರ ಮೊದಲ 600 ಮೆಗಾವಾಟ್ ಘಟ್ಟ ಲೋಕಾರ್ಪಣೆಯಾಯಿತು; 2019ರ ಕೊನೆಯ ಹೊತ್ತಿಗೆ ಸಾಮರ್ಥ್ಯ 2,050 ಮೆಗಾವಾಟ್ ತಲುಪಿತು. ಸರ್ಕಾರ ಇಲ್ಲಿ ರೈತರ ಭೂಮಿಯನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಹೆಚ್ಚಳ ಎಂಬುದು ಕರಾರು. ಮಳೆ ನಂಬಿ ಕಡಲೆಕಾಯಿ ಬಿತ್ತಿ ವರ್ಷ ವರ್ಷವೂ ಸೋಲುತ್ತಿದ್ದ ಒಡೆಯನಿಗೆ ಇದು ಆಸರೆಯಾಯಿತು. ಆದರೆ ಆ ಹೊಲದಲ್ಲಿ ಕೂಲಿ ಮಾಡುತ್ತಿದ್ದ, ಸ್ವಂತ ಭೂಮಿಯಿಲ್ಲದ ಕುಟುಂಬಕ್ಕೆ ಗುತ್ತಿಗೆಯ ಹಣವೂ ಇಲ್ಲ, ಹೊಲದ ಕೆಲಸವೂ ಇಲ್ಲ. ಪಾರ್ಕು ನಿರ್ಮಾಣವಾದ ಬಳಿಕ ಅಲ್ಲಿ ಉಳಿಯುವ ಕೆಲಸವಾದರೂ ಬಹುಪಾಲು ಕಾವಲು, ಫಲಕಗಳ ತೊಳೆತ, ಹುಲ್ಲು ಕತ್ತರಿಸುವಿಕೆಗಳೇ. ಆದ್ದರಿಂದ ಓದಿದ ಮಕ್ಕಳು ಊರ ಹೊರಗೆ ದಾರಿ ಹುಡುಕಬೇಕಾಗಿದೆ. ಮಧುಗಿರಿ, ಶಿರಾ, ಕೊರಟಗೆರೆಯ ಮನೆಗಳ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ.

ಹೀಗೆ ಹೊರಟ ಮಕ್ಕಳು ತಟ್ಟುವ ಬಾಗಿಲಿನ ಸ್ವರೂಪ ಬದಲಾಗಿದೆ. ಅಂಕಪಟ್ಟಿ ನೋಡಿ, ಹತ್ತು ನಿಮಿಷ ಪ್ರಶ್ನೆ ಕೇಳಿ ಕೆಲಸ ಕೊಡುವ ರೂಢಿ ಕಡಿಮೆಯಾಗುತ್ತಿದೆ. ದೊಡ್ಡ ಸಂಸ್ಥೆಗಳು ಅಭ್ಯರ್ಥಿಗಳನ್ನು ಒಂದು ದಿನವೋ ಎರಡು ದಿನವೋ ಒಟ್ಟಿಗೆ ಕೂಡಿಸಿ, ಗುಂಪಿನಲ್ಲಿ ಮಾತನಾಡಿಸಿ, ಕೂಡಿ ಕೆಲಸ ಮಾಡಿಸಿ, ಬರೆಸಿ, ಕೊನೆಗೆ ಸಂದರ್ಶಿಸಿ ಆರಿಸುತ್ತವೆ. ಈ ಪದ್ಧತಿಯ ಅತ್ಯಂತ ವ್ಯವಸ್ಥಿತವಾದ ರೂಪ ನಮ್ಮ ದೇಶದಲ್ಲಿರುವುದು ಸೇನಾಧಿಕಾರಿಗಳನ್ನು ಆರಿಸುವ ಸರ್ವಿಸಸ್ ಸೆಲೆಕ್ಷನ್ ಬೋರ್ಡಿನಲ್ಲಿ, ಎಂದರೆ ಎಸ್.ಎಸ್.ಬಿ.ಯಲ್ಲಿ. ಅದಕ್ಕಾಗಿ ನಮ್ಮವರು ದೂರದ ಊರಿಗೆ ಹೋಗಬೇಕಾಗಿಯೂ ಇಲ್ಲ. ಭೂಸೇನೆಯ ದಕ್ಷಿಣ ಆಯ್ಕೆ ಕೇಂದ್ರ ಬೆಂಗಳೂರಿನ ಕಬ್ಬನ್ ರಸ್ತೆಯಲ್ಲಿದೆ. ವಾಯುಪಡೆಯ ಒಂದು ಆಯ್ಕೆ ಮಂಡಳಿ ಮೈಸೂರಿನಲ್ಲಿದೆ. ಎಸ್.ಎಸ್.ಬಿ.ಯನ್ನು ಅರಿತವನಿಗೆ ಬೇರೆ ಸಂಸ್ಥೆಗಳ ಆಯ್ಕೆಯ ದಿನವೂ ಅಪರಿಚಿತವೆನಿಸದು. ಆದ್ದರಿಂದ ಅದನ್ನೇ ಮಾದರಿಯಾಗಿ ಇಲ್ಲಿ ವಿವರಿಸುತ್ತೇವೆ.

ಈ ಪದ್ಧತಿ ಹುಟ್ಟಿದ ಬಗೆಯನ್ನು ತಿಳಿದರೆ ಅರ್ಧ ಭಯ ಹೋಗುತ್ತದೆ. ಎರಡನೆಯ ಮಹಾಯುದ್ಧದ ಆರಂಭದಲ್ಲಿ ಬ್ರಿಟಿಷ್ ಸೇನೆ ಮನೆತನ, ಓದಿದ ಶಾಲೆ ಮತ್ತು ಕೆಲವು ನಿಮಿಷಗಳ ಮಾತುಕತೆಯ ಆಧಾರದ ಮೇಲೆ ಅಧಿಕಾರಿಗಳನ್ನು ಆರಿಸುತ್ತಿತ್ತು. ಹಾಗೆ ಆರಿಸಲ್ಪಟ್ಟವರಲ್ಲಿ ಅನೇಕರು ತರಬೇತಿಯಲ್ಲಿಯೇ ನಿಲ್ಲದೆ ಹಿಂದಿರುಗಿದಾಗ, ಜರ್ಮನ್ ಸೇನೆಯಲ್ಲಿ ಮೊದಲೇ ಬಳಕೆಯಲ್ಲಿದ್ದ ಮನಶ್ಶಾಸ್ತ್ರೀಯ ವಿಧಾನಗಳನ್ನು ಗಮನಿಸಿ, 1942ರಲ್ಲಿ ಹೊಸ ಆಯ್ಕೆ ಮಂಡಳಿಗಳನ್ನು ರಚಿಸಲಾಯಿತು. 1943ರಲ್ಲಿ ಡೆಹ್ರಾಡೂನಿನಲ್ಲಿ ಪ್ರಾಯೋಗಿಕ ಮಂಡಳಿಯೊಂದು ಆರಂಭವಾಗಿ ಆ ಕ್ರಮ ಭಾರತಕ್ಕೆ ಬಂದಿತು. ಅಮೆರಿಕದ ಟೆಲಿಫೋನ್ ಸಂಸ್ಥೆ ಎ.ಟಿ. ಅಂಡ್ ಟಿ. 1956ರಲ್ಲಿ ಇದನ್ನು ತನ್ನ ನೌಕರರ ಅಧ್ಯಯನಕ್ಕೆ ಅಳವಡಿಸಿಕೊಂಡಿತು. ಅಲ್ಲಿನ ಮನಶ್ಶಾಸ್ತ್ರಜ್ಞ ಡಗ್ಲಸ್ ಬ್ರೇ ಮತ್ತು ಸಂಗಡಿಗರು ಪರೀಕ್ಷೆಯ ಫಲಿತಾಂಶವನ್ನು ಮೇಲಧಿಕಾರಿಗಳಿಗೆ ತಿಳಿಸದೆ ಮುಚ್ಚಿಟ್ಟು, ವರ್ಷಗಳ ಬಳಿಕ ಯಾರು ಮೇಲೇರಿದ್ದಾರೆಂದು ನೋಡಿದರು; ಅವರ ಅಂದಾಜು ಬಹುಮಟ್ಟಿಗೆ ನಿಜವಾಗಿತ್ತು. ಅನಂತರವೇ ಬೇರೆ ಉದ್ಯಮಗಳು ಈ ಹಾದಿ ಹಿಡಿದವು. ಇದರಲ್ಲಿ ನಮ್ಮ ಮಕ್ಕಳಿಗೆ ಸಂಬಂಧಿಸಿದ ಮಾತು ಒಂದಿದೆ. ಮನೆತನದ ಹೆಸರನ್ನು ನೋಡಿ ಆರಿಸುವುದು ತಪ್ಪೆಂದು ಅರಿತ ಮೇಲೆ ಕಟ್ಟಿದ ಪದ್ಧತಿ ಇದು. ಹೆಸರಿಲ್ಲದ ಮನೆಯ ಮಗುವಿಗೆ ಇದು ಶತ್ರುವಲ್ಲ.

ಎಸ್.ಎಸ್.ಬಿ.ಯಲ್ಲಿ ಅಭ್ಯರ್ಥಿಯನ್ನು ಮೂವರು ಬೇರೆಬೇರೆಯಾಗಿ ಅಳೆಯುತ್ತಾರೆ. ಮನಶ್ಶಾಸ್ತ್ರಜ್ಞರು ಅವನ ಬರಹದ ಮೂಲಕ ಮನಸ್ಸನ್ನು ನೋಡುತ್ತಾರೆ. ಸಂದರ್ಶನಾಧಿಕಾರಿ ಅವನ ಮಾತನ್ನು ಕೇಳುತ್ತಾರೆ. ಗುಂಪು ಪರೀಕ್ಷಾಧಿಕಾರಿ ಮೈದಾನದಲ್ಲಿ ಅವನ ಕೃತಿಯನ್ನು ಗಮನಿಸುತ್ತಾರೆ. ‘ಮನಸಾ, ವಾಚಾ, ಕರ್ಮಣಾ’ ಎಂಬ ನಮ್ಮ ಹಳೆಯ ನುಡಿಯಿಂದಲೇ ಈ ಮೂರನ್ನು ವಿವರಿಸುವುದು ರೂಢಿ. ಅಧಿಕಾರಿಗಿರಬೇಕಾದ ಗುಣಗಳೆಂದು 15ನ್ನು ಗುರುತಿಸಲಾಗಿದೆ. ಹೊಣೆ ಹೊರುವುದು, ಇತರರೊಡನೆ ಹೊಂದಿಕೊಳ್ಳುವುದು, ಸಮಯಕ್ಕೆ ತೀರ್ಮಾನ ಮಾಡುವುದು, ಧೈರ್ಯ, ದೇಹಸಹನೆ ಅವುಗಳಲ್ಲಿ ಸೇರಿವೆ. ಮೂವರ ಅಳತೆ ಒಂದಕ್ಕೊಂದು ತಾಳೆಯಾಗುತ್ತದೆಯೇ ಎಂಬುದೇ ಇಲ್ಲಿ ಮುಖ್ಯ.

ಮೊದಲ ದಿನ ಸೋಸುವಿಕೆ. ಬುದ್ಧಿಶಕ್ತಿಯ ಪರೀಕ್ಷೆಯ ಬಳಿಕ ಮಸುಕಾದ ಚಿತ್ರವೊಂದನ್ನು 30 ಸೆಕೆಂಡು ತೋರಿಸಿ, ನಾಲ್ಕು ನಿಮಿಷಗಳಲ್ಲಿ ಅದರ ಮೇಲೊಂದು ಕಥೆ ಬರೆಸುತ್ತಾರೆ. ಆಮೇಲೆ ಗುಂಪಿನಲ್ಲಿ ಕುಳಿತು ಎಲ್ಲರೂ ಸೇರಿ ಒಂದೇ ಕಥೆಗೆ ಒಪ್ಪಬೇಕು. ಇದರಲ್ಲಿ ಉಳಿಯದವರು ಅಂದೇ ಮನೆಗೆ ಮರಳುತ್ತಾರೆ. ಉಳಿದವರಿಗೆ ಮನಶ್ಶಾಸ್ತ್ರದ ಪರೀಕ್ಷೆಗಳು: ಒಂದು ಖಾಲಿ ಹಾಳೆಯೂ ಸೇರಿ 12 ಚಿತ್ರಗಳಿಗೆ 12 ಕಥೆ, ಒಂದೊಂದಕ್ಕೆ 15 ಸೆಕೆಂಡಿನಂತೆ 60 ಪದಗಳಿಗೆ ಮನಸ್ಸಿಗೆ ಬಂದ ವಾಕ್ಯ, 30 ನಿಮಿಷಗಳಲ್ಲಿ 60 ಸನ್ನಿವೇಶಗಳಿಗೆ, ತಾನಾಗಿದ್ದರೆ ಏನು ಮಾಡುತ್ತಿದ್ದೆ ಎಂಬ ಉತ್ತರ. ಕೊನೆಯದು ಆತ್ಮವಿವರಣೆ. ನಿನ್ನ ಬಗ್ಗೆ ತಂದೆತಾಯಿ ಏನು ಹೇಳುತ್ತಾರೆ, ಅಧ್ಯಾಪಕರು ಏನು ಹೇಳುತ್ತಾರೆ, ಗೆಳೆಯರು ಏನು ಹೇಳುತ್ತಾರೆ, ನೀನೇ ಏನು ಹೇಳುತ್ತೀಯೆ ಎಂಬ ಪ್ರಶ್ನೆಗಳಿಗೆ ಹದಿನೈದು ನಿಮಿಷಗಳಲ್ಲಿ ಬರೆಯಬೇಕು.

ಮೈದಾನದ ಪರೀಕ್ಷೆಗಳು ಮುಂದಿನ ಎರಡು ದಿನ. ಗುಂಪು ಚರ್ಚೆ, ಒಂದು ಪ್ರದೇಶದ ಮಾದರಿಯನ್ನು ಮುಂದಿಟ್ಟು, ಏಕಕಾಲಕ್ಕೆ ಬಂದೊದಗಿದ ಹಲವು ಸಂಕಟಗಳನ್ನು ಯಾವ ಕ್ರಮದಲ್ಲಿ ನಿವಾರಿಸುವಿರೆಂದು ಕೇಳುವ ಯೋಜನೆಯ ಅಭ್ಯಾಸ, ಹಲಗೆ, ಮರದ ತೊಲೆ, ಹಗ್ಗಗಳಿಂದ ಸೇತುವೆ ಮಾಡಿಕೊಂಡು ಗುಂಪೆಲ್ಲವೂ ಹೊರೆಯೊಡನೆ ಅಡೆತಡೆಗಳನ್ನು ದಾಟುವ ಕಾರ್ಯ, ಮೂರು ನಿಮಿಷಗಳಲ್ಲಿ ಒಬ್ಬನೇ ದಾಟಬೇಕಾದ 10 ಅಡೆತಡೆಗಳು, ಮೂರು ನಿಮಿಷ ಯೋಚಿಸಿ ಮೂರು ನಿಮಿಷ ಮಾಡುವ ಭಾಷಣ, ತಾನೇ ನಾಯಕನಾಗಿ ಜೊತೆಗಾರರನ್ನು ಆರಿಸಿಕೊಂಡು ಮಾಡಿಸುವ ಕೆಲಸ. ಇವುಗಳ ನಡುವೆ ಒಬ್ಬೊಬ್ಬರಿಗೂ ದೀರ್ಘ ಸಂದರ್ಶನ. ಐದನೆಯ ದಿನ ಪರೀಕ್ಷಕರೆಲ್ಲ ಒಟ್ಟಿಗೆ ಕುಳಿತು, ಒಬ್ಬೊಬ್ಬರನ್ನಾಗಿ ಕರೆದು ಮಾತನಾಡಿಸಿ ತೀರ್ಮಾನಿಸುತ್ತಾರೆ. ಕೆಲವು ತಂಡಗಳಲ್ಲಿ ಬೆರಳೆಣಿಕೆಯವರು ಆಯ್ಕೆಯಾಗುತ್ತಾರೆ; ಒಬ್ಬರೂ ಆಗದಿರುವುದುಂಟು.

ಈಗ ಒಂದು ಲೆಕ್ಕವನ್ನು ತಂದೆತಾಯಿಯರು ಗಮನಿಸಬೇಕು. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಲಿಖಿತ ಪರೀಕ್ಷೆಗೆ 900 ಅಂಕಗಳು. ಗಣಿತಕ್ಕೆ 300, ಸಾಮಾನ್ಯ ಸಾಮರ್ಥ್ಯಕ್ಕೆ 600. ಎಸ್.ಎಸ್.ಬಿ.ಗೂ ಅಷ್ಟೇ, 900. ಎಂದರೆ ತಕ್ಕಡಿಯ ಎರಡು ತಟ್ಟೆಗಳೂ ಸಮ. ಆದರೆ ನಮ್ಮ ಮನೆಗಳಲ್ಲಿ ಮೊದಲ ತಟ್ಟೆಗೆ ಎರಡು ವರ್ಷ ಓದಿಸುತ್ತೇವೆ, ಸಾಲ ಮಾಡಿ ಟ್ಯೂಷನ್ನಿಗೆ ಕಳುಹಿಸುತ್ತೇವೆ, ದೀಪ ಆರಿಸದೆ ಕಾಯುತ್ತೇವೆ. ಎರಡನೆಯದಕ್ಕೆ ಕರೆ ಬಂದ ಮೇಲೆ ಎರಡು ವಾರಗಳ ಗಾಬರಿಯನ್ನು ಮಾತ್ರ ಕೊಡುತ್ತೇವೆ. ಈ ಅಸಮತೋಲವೇ ನಮ್ಮ ಮಕ್ಕಳನ್ನು ಬಾಗಿಲವರೆಗೆ ಕರೆದೊಯ್ದು ಹಿಂದಕ್ಕೆ ಕಳುಹಿಸುತ್ತಿದೆ ಎಂಬುದು ನಮ್ಮ ಅಭಿಮತ. ಎರಡನೆಯ ತಟ್ಟೆಯಲ್ಲಿರುವುದು ಪುಸ್ತಕದ ವಿದ್ಯೆಯಲ್ಲ. ಅದು ಮನೆಯಲ್ಲಿ, ಹೊಲದಲ್ಲಿ, ಊರಿನ ಮಂದಿಯ ನಡುವೆ ಬೆಳೆಯುವಂಥದು. ಅದನ್ನು ಬೆಳೆಸುವ ಹೊಣೆ ಮಗನ ಮೇಲೆ ಮಾತ್ರವಿಲ್ಲ, ನಮ್ಮೆಲ್ಲರ ಮೇಲಿದೆ.

ಈ ವಿಷಯದಲ್ಲಿ ಹಳ್ಳಿಯ ಮಗುವಿಗೆ ಇರುವ ಅನುಕೂಲವನ್ನು ಮೊದಲು ಹೇಳೋಣ. ಕಡಲೆಕಾಯಿ ಕೀಳುವ ಕಾಲದಲ್ಲಿ ಮುಯ್ಯಾಳು ಲೆಕ್ಕದಲ್ಲಿ ಇಂದು ನಮ್ಮ ಹೊಲ, ನಾಳೆ ನಿಮ್ಮ ಹೊಲ ಎಂದು ದುಡಿದ ಹುಡುಗನಿಗೆ, ಹಲಗೆ ಹಗ್ಗ ಹಿಡಿದು ಎಂಟು ಜನ ಕೂಡಿ ದಾಟುವ ಕೆಲಸ ಹೊಸದಲ್ಲ. ಯಾರು ಬಿರುಸು, ಯಾರು ನಿಧಾನ, ಯಾರಿಗೆ ಯಾವ ಕೆಲಸ ಒಪ್ಪಿಸಿದರೆ ಸಂಜೆಯೊಳಗೆ ಹೊಲ ಮುಗಿದೀತು ಎಂಬುದನ್ನು ಅವನು ಬಲ್ಲ. ಕೊಳವೆಬಾವಿ ಬತ್ತಿದ ವರ್ಷ ನೀರಿನ ಸರದಿಯಲ್ಲಿ ಜಗಳವಾಗದಂತೆ ಕೊಡ ಜೋಡಿಸಿದ ಹುಡುಗಿ, ಏಕಕಾಲದ ಹಲವು ಸಂಕಟಗಳನ್ನು ಕ್ರಮವಾಗಿ ನಿವಾರಿಸುವ ಅಭ್ಯಾಸವನ್ನು ಜೀವನದಲ್ಲೇ ಮಾಡಿದ್ದಾಳೆ. ತಂದೆಯ ಕಾಯಿಲೆಯ ಕಾಲದಲ್ಲಿ ಮನೆಯ ಲೆಕ್ಕ ನೋಡಿಕೊಂಡವನಿಗೆ ಹೊಣೆಯ ಬಗ್ಗೆ ಕಥೆ ಕಟ್ಟಬೇಕಾಗಿಲ್ಲ. ಪರೀಕ್ಷಕರು ಹುಡುಕುವ ಧಾತು ಇದೇ. ಆದರೆ ಇವೆಲ್ಲ ತನ್ನ ಅರ್ಹತೆಯೆಂದು ಆ ಮಗುವಿಗೆ ಗೊತ್ತಿಲ್ಲ. ಅದನ್ನು ಬಡತನವೆಂದು ಬಚ್ಚಿಡಲು ನಾವೇ ಕಲಿಸಿದ್ದೇವೆ.

ಇನ್ನು ಹಳ್ಳಿಯ ತೊಡಕುಗಳನ್ನೂ ಮುಚ್ಚಿಡದೆ ಹೇಳಬೇಕು. ಹಿರಿಯರು ಮಾತನಾಡುವಾಗ ಬಾಯಿ ತೆರೆಯಬಾರದೆಂಬುದು ನಮ್ಮ ಮನೆಗಳ ಶಿಸ್ತು. “ಸುಮ್ನಿರೋ, ನಿಂಗೇನು ಗೊತ್ತು” ಎಂಬ ಮಾತನ್ನು ಹದಿನೇಳು ವರ್ಷ ಕೇಳಿ ಬೆಳೆದವನಿಗೆ, ಹದಿನೆಂಟನೆಯ ವರ್ಷದಲ್ಲಿ ಅಪರಿಚಿತ ಗುಂಪಿನ ನಡುವೆ ‘ನನ್ನ ಅಭಿಪ್ರಾಯ ಹೀಗಿದೆ’ ಎನ್ನುವ ಧ್ವನಿ ಎಲ್ಲಿಂದ ಬಂದೀತು? ಗುಂಪು ಚರ್ಚೆಯಲ್ಲಿ ಮೌನವಾಗಿ ಕುಳಿತವನ ವಿನಯವನ್ನು ಪರೀಕ್ಷಕರು ಕಾಣಲಾರರು. ಅವರ ಹಾಳೆಯಲ್ಲಿ ಬರೆಯಲು ಅವನು ಏನನ್ನೂ ಕೊಟ್ಟಿಲ್ಲ. ಹಾಗೆಯೇ ಊರಿನ ಮೇಲು ಕೀಳುಗಳನ್ನು ಮನಸ್ಸಿನಲ್ಲಿ ಹೊತ್ತುಕೊಂಡು ಹೋದವನು, ಜೊತೆಗಾರನ ಕೈ ಹಿಡಿದು ಎತ್ತುವಾಗ ಒಂದು ಕ್ಷಣ ಹಿಂಜರಿದರೂ ಅದು ಕಾಣದೆ ಹೋಗದು. ಮನೆಯಲ್ಲಿ ನಾವು ಕಲಿಸಿದ್ದರಲ್ಲಿ ಕಳಚಬೇಕಾದುದೂ ಇದೆಯೆಂದು ಒಪ್ಪಿಕೊಳ್ಳುವುದು ಸಿದ್ಧತೆಯ ಮೊದಲ ಹೆಜ್ಜೆ.

ಹೆಣ್ಣುಮಕ್ಕಳ ವಿಷಯದಲ್ಲಂತೂ ಈ ಮಾತು ಇಮ್ಮಡಿ ಸತ್ಯ. 2021ರ ಆಗಸ್ಟ್ ತಿಂಗಳಲ್ಲಿ ಸುಪ್ರೀಂ ಕೋರ್ಟ್ ನೀಡಿದ ಮಧ್ಯಂತರ ಆದೇಶದಿಂದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆ ಹೆಣ್ಣುಮಕ್ಕಳಿಗೂ ತೆರೆಯಿತು. 2022ರಲ್ಲಿ ಮೊದಲ ತಂಡ ಸೇರಿತು; 2025ರ ಮೇ 30ರಂದು ಖಡಕ್‌ವಾಸ್ಲಾದಲ್ಲಿ 17 ಯುವತಿಯರು ತರಬೇತಿ ಮುಗಿಸಿ ಹೊರಬಂದರು. ಬಾಗಿಲು ತೆರೆದಿದೆ. ಆದರೆ ಪಾವಗಡದಿಂದ ಐದು ದಿನಗಳ ಆಯ್ಕೆಗೆ ಮಗಳನ್ನು ಒಬ್ಬಳನ್ನೇ ಕಳುಹಿಸುವ ಮನಸ್ಸು ಎಷ್ಟು ಮನೆಗಳಲ್ಲಿದೆ? ಕೇಂದ್ರದಲ್ಲಿ ಊಟ ವಸತಿಗಳ ವ್ಯವಸ್ಥೆಯಿರುತ್ತದೆ. ಒಂದು ಬಗೆಯ ಪ್ರವೇಶಕ್ಕೆ ಮೊದಲ ಸಲ ಬರುವವರಿಗೆ ನಿಯಮದಂತೆ ಪ್ರಯಾಣದ ವೆಚ್ಚವೂ ಸಿಗುತ್ತದೆ. ತಡೆಯುವುದು ಖರ್ಚಲ್ಲ, ಅಂಜಿಕೆ. ಮನೆಯ ಮಾತುಕತೆಯಲ್ಲಿ ಮಗನಿಗೆ ಕೊಡುವ ಸರದಿಯನ್ನು ಮಗಳಿಗೂ ಕೊಡುವ ಅಭ್ಯಾಸ ಈ ಅಂಜಿಕೆಯನ್ನು ನಿಧಾನವಾಗಿ ಕರಗಿಸಬಲ್ಲುದು.

ಭಾಷೆಯ ಪ್ರಶ್ನೆ ಇನ್ನೊಂದು. ಪಾವಗಡದ ಮಗು ಮನೆಯಲ್ಲಿ ಕನ್ನಡವನ್ನೋ ತೆಲುಗನ್ನೋ, ಹಲವು ವೇಳೆ ಎರಡನ್ನೂ ಆಡಿ ಬೆಳೆಯುತ್ತದೆ. ಎಸ್.ಎಸ್.ಬಿ.ಯಲ್ಲಿ ನಡೆಯುವುದು ಇಂಗ್ಲಿಷ್ ಅಥವಾ ಹಿಂದಿ. ಅಲ್ಲಿ ಕನ್ನಡದಲ್ಲಿ ಬರೆಯಲು ಅವಕಾಶವಿಲ್ಲ. ಇದು ನ್ಯಾಯವೇ ಎಂದು ಕೇಳುವ ಹಕ್ಕು ನಮಗಿದೆ, ಕೇಳುತ್ತಲೂ ಇರಬೇಕು. ಆದರೆ ಮುಂದಿನ ತಿಂಗಳು ಹೊರಡಬೇಕಾದವನು ಆ ವಾದ ತೀರುವವರೆಗೆ ಕಾಯಲಾರ. ಅವನಿಗೆ ನಾವು ಹೇಳಬಹುದಾದುದಿಷ್ಟೆ: ಅಲ್ಲಿ ಬೇಕಾಗಿರುವುದು ಅಲಂಕಾರದ ಇಂಗ್ಲಿಷ್ ಅಲ್ಲ, ಚಿಕ್ಕ, ನೇರ, ಸ್ಪಷ್ಟ ವಾಕ್ಯ. ಹದಿನೈದು ಸೆಕೆಂಡಿನಲ್ಲಿ ದೊಡ್ಡ ಪದ ಹುಡುಕುವವನು ಸೋಲುತ್ತಾನೆ. ನಾಲ್ಕೈದು ಪದಗಳಲ್ಲಿ ತನ್ನ ಭಾವವನ್ನು ಮುಗಿಸುವವನು ಗೆಲ್ಲುತ್ತಾನೆ. ಪ್ರತಿದಿನ ಪತ್ರಿಕೆಯ ಒಂದು ಸುದ್ದಿಯನ್ನು ಮೊದಲು ಕನ್ನಡದಲ್ಲಿ ಮೂರು ನಿಮಿಷ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಮೂರು ನಿಮಿಷ ಗಟ್ಟಿಯಾಗಿ ಹೇಳುವ ರೂಢಿ ಆರು ತಿಂಗಳಲ್ಲಿ ನಾಲಗೆಯ ತೊಡಕನ್ನು ಬಿಡಿಸುತ್ತದೆ. ಯೋಚನೆ ಸ್ಪಷ್ಟವಾಗುವುದು ತಾಯ್ನುಡಿಯಲ್ಲಿ. ಸ್ಪಷ್ಟವಾದ ಯೋಚನೆಗೆ ಇನ್ನೊಂದು ಭಾಷೆಯ ಉಡುಪು ತೊಡಿಸುವುದು ಆಮೇಲಿನ ಕೆಲಸ.

ಇಲ್ಲೊಂದು ಎಚ್ಚರಿಕೆಯ ಮಾತು. ಸಿದ್ಧ ಉತ್ತರಗಳನ್ನು ಮಾರುವ ಅಂಗಡಿಗಳು ಎಲ್ಲೆಡೆ ಹುಟ್ಟಿಕೊಂಡಿವೆ. ಇಂಥ ಪದಕ್ಕೆ ಇಂಥ ವಾಕ್ಯ, ಇಂಥ ಚಿತ್ರಕ್ಕೆ ಇಂಥ ಕಥೆ ಎಂದು ಬಾಯಿಪಾಠ ಮಾಡಿಸುತ್ತಾರೆ. ಮೂರು ದಿಕ್ಕಿನಿಂದ ಅಳೆಯುವ ಕ್ರಮವಿರುವುದೇ ಇಂಥ ಬಣ್ಣವನ್ನು ಕಂಡುಹಿಡಿಯಲು. ಕಥೆಯಲ್ಲಿ ಹೊಳೆಗೆ ಹಾರಿ ಮುಳುಗುವವನನ್ನು ಉಳಿಸಿದವನು ಮೈದಾನದಲ್ಲಿ ಕೆಳಗೆ ಉಳಿದ ಜೊತೆಗಾರನತ್ತ ತಿರುಗಿ ನೋಡದಿದ್ದರೆ, ಬರಹ ಮತ್ತು ನಡತೆ ಒಂದನ್ನೊಂದು ಅಲ್ಲಗಳೆಯುತ್ತವೆ. ತನ್ನ ಹವ್ಯಾಸ ಪುಸ್ತಕ ಓದುವುದೆಂದು ವಿವರಪತ್ರದಲ್ಲಿ ಬರೆದು, ಕಡೆಯದಾಗಿ ಓದಿದ ಪುಸ್ತಕವನ್ನು ಹೆಸರಿಸಲಾರದೆ ಕುಳಿತರೆ ಉಳಿದ ನಿಜಗಳೂ ಸುಳ್ಳಿನಂತೆ ಕಾಣುತ್ತವೆ. ಪರೀಕ್ಷೆಯ ಸ್ವರೂಪವನ್ನು ಮೊದಲೇ ಅರಿತುಕೊಳ್ಳುವುದು, ಗಡಿಯಾರವಿಟ್ಟು ಬರೆದು ಅಭ್ಯಾಸ ಮಾಡುವುದು ಅಗತ್ಯ. ಆದರೆ ಇಲ್ಲದ ಮನುಷ್ಯನನ್ನು ತೋರಿಸಲು ಹೊರಡುವುದು ಮೋಸವೂ ಹೌದು, ಮೂರ್ಖತನವೂ ಹೌದು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದು, ಮಗು ತನ್ನನ್ನು ತಾನು ಅರಿಯುವುದು. ಆತ್ಮವಿವರಣೆಯ ಪ್ರಶ್ನೆಗಳನ್ನು ಕರೆ ಬರುವ ಮುನ್ನವೇ ಮನೆಯಲ್ಲಿ ಕೇಳಲಿ. ‘ಅಮ್ಮಾ, ನನ್ನಲ್ಲಿ ನಿನಗೆ ಇಷ್ಟವಾದ ಗುಣ ಯಾವುದು, ಬೇಸರವಾಗುವುದು ಯಾವುದು?’ ಎಂದು ಮಗ ಕೇಳಿದ ದಿನ, ತಾಯಿ ಹೊಗಳಿ ಮುಗಿಸದೆ ನಿಜವನ್ನು ಹೇಳಲಿ. ಅದನ್ನು ಕೋಪಿಸಿಕೊಳ್ಳದೆ ಕೇಳಿ, ಬರೆದಿಟ್ಟು, ತಿದ್ದಿಕೊಳ್ಳಲು ಯತ್ನಿಸಿದವನಿಗೆ ಆ ಹದಿನೈದು ನಿಮಿಷಗಳು ಭಾರವಾಗವು. ಎರಡನೆಯದು, ತನ್ನ ಊರನ್ನು ಅರಿಯುವುದು. ಸಂದರ್ಶನಾಧಿಕಾರಿ ವಿವರಪತ್ರದಲ್ಲಿ ರಾಯಚರ್ಲು ಎಂದು ಓದಿದೊಡನೆ ಸೌರಪಾರ್ಕನ್ನು ಕುರಿತು ಕೇಳುವ ಸಂಭವ ಬಹಳ. ಎಷ್ಟು ಮೆಗಾವಾಟ್, ಗುತ್ತಿಗೆಯ ಕರಾರು ಏನು, ಒಡೆಯನಿಗೆ ಏನು ಸಿಕ್ಕಿತು, ಕೂಲಿಯವನಿಗೆ ಏನು ತಪ್ಪಿತು, ನಿನ್ನ ಕೈಯಲ್ಲಿದ್ದರೆ ಏನು ಮಾಡುತ್ತಿದ್ದೆ ಎಂಬುದನ್ನು ಎರಡೂ ಕಡೆಯಿಂದ ಯೋಚಿಸಿದವನ ಉತ್ತರಕ್ಕೆ ಯಾವ ಮಾರ್ಗದರ್ಶಿ ಪುಸ್ತಕವೂ ಸಾಟಿಯಾಗದು. ದೆಹಲಿಯ ರಾಜಕಾರಣವನ್ನು ಒಪ್ಪಿಸಿ, ತನ್ನ ಊರ ಕೆರೆ ಏಕೆ ಬತ್ತಿತೆಂದು ತಿಳಿಯದವನಿಗಿಂತ ಇವನು ಮೇಲು.

ಮೂರನೆಯದು ಗುಂಪಿನ ಅಭ್ಯಾಸ. ಇದನ್ನು ಯಾರೂ ಒಂಟಿಯಾಗಿ ಕಲಿಯಲಾರರು. ಆದ್ದರಿಂದ ಇದು ಸಮುದಾಯದ ಕೆಲಸ. ವಾರಕ್ಕೊಂದು ಸಂಜೆ, ಭಾನುವಾರದ ಪೂಜೆಯ ನಂತರ ದೇವಾಲಯದ ಅಂಗಳದಲ್ಲಾಗಲಿ, ಶಾಲೆಯ ಜಗುಲಿಯಲ್ಲಾಗಲಿ, ಎಂಟು ಹತ್ತು ಯುವಕ ಯುವತಿಯರು ಜಾತಿಮತ ನೋಡದೆ ವೃತ್ತವಾಗಿ ಕೂರಲಿ. ಒಂದು ವಿಷಯ ಕೊಡಿ, ಇಪ್ಪತ್ತು ನಿಮಿಷ ಮಾತನಾಡಲಿ. ನಿವೃತ್ತ ಸೈನಿಕರು, ಬ್ಯಾಂಕಿನವರು, ಅಧ್ಯಾಪಕರು ಯಾರಾದರೂ ಒಬ್ಬರು ಬದಿಗೆ ಕುಳಿತು ನಾಲ್ಕನ್ನು ಮಾತ್ರ ಗುರುತು ಹಾಕಿಕೊಳ್ಳಲಿ: ಹೊಸ ವಿಚಾರ ತಂದವರು ಯಾರು, ಇನ್ನೊಬ್ಬರ ಮಾತನ್ನು ಪೂರ್ತಿ ಕೇಳಿದವರು ಯಾರು, ಮಾತು ಬಾರದವರನ್ನು ಒಳಗೆ ಕರೆದುಕೊಂಡವರು ಯಾರು, ಕೂಗಿ ಅಡ್ಡಿಮಾಡಿದವರು ಯಾರು. ಕೊನೆಗೆ ಅದನ್ನು ಅವಮಾನವಾಗದಂತೆ ತಿಳಿಸಲಿ. ಇದಕ್ಕೆ ಹಣ ಬೇಡ, ಕಟ್ಟಡ ಬೇಡ. ಹಿರಿಯರು ಒಂದು ಗಂಟೆ ಬಾಯಿ ಮುಚ್ಚಿ ಕೇಳುವ ತಾಳ್ಮೆಯಿದ್ದರೆ ಸಾಕು. ಊರಿನ ಜಾತ್ರೆಯಲ್ಲಿ ನೀರು ಹಂಚುವ, ಶಾಲೆಯ ಆಟದ ದಿನದ ಏರ್ಪಾಡು ನೋಡಿಕೊಳ್ಳುವ ಹೊಣೆಯನ್ನು ಇದೇ ಗುಂಪಿಗೆ ವಹಿಸಿದರೆ ಮಾತಿಗೆ ಕೃತಿಯೂ ಜೊತೆಯಾಗುತ್ತದೆ.

ಸೇನೆಗಲ್ಲದೆ ಕಾರ್ಖಾನೆ, ಕಂಪನಿಗಳಿಗೆ ಹೊರಟವರಿಗೂ ಇದೇ ಅಭ್ಯಾಸ ಸಲ್ಲುತ್ತದೆ. ತುಮಕೂರಿನ ವಸಂತನರಸಾಪುರದಲ್ಲಿ ಕೈಗಾರಿಕೆಗಳು ಬೆಳೆದಿವೆ. ಗುಬ್ಬಿ ತಾಲ್ಲೂಕಿನಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಬಿಡದಿಯಲ್ಲಿ 2007ರಿಂದ ನಡೆಯುತ್ತಿರುವ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ ಹತ್ತನೆಯ ತರಗತಿ ಮುಗಿಸಿದ ಗ್ರಾಮೀಣ ಬಡ ಮಕ್ಕಳನ್ನೇ ಆರಿಸಿ ತರಬೇತಿ ಕೊಡುತ್ತಿದೆ. ಒಂದೊಂದು ಸಂಸ್ಥೆಯ ಕ್ರಮ ಒಂದೊಂದು ಬಗೆ. ದಿನವಿಡೀ ಆಯ್ಕೆ ನಡೆಸುವ ಕಂಪನಿಗಳಲ್ಲಿ ಗುಂಪು ಚರ್ಚೆಯ ಜೊತೆಗೆ, ಮೇಜಿನ ಮೇಲೆ ಇಪ್ಪತ್ತು ಕಾಗದಗಳನ್ನಿಟ್ಟು ಯಾವುದು ತುರ್ತು, ಯಾವುದು ಕಾಯಬಲ್ಲುದು ಎಂದು ವಿಂಗಡಿಸಲು ಹೇಳುವುದುಂಟು. ಸಿಟ್ಟಾದ ಗ್ರಾಹಕನೊಡನೆ ಮಾತನಾಡುವ ಸನ್ನಿವೇಶವನ್ನು ಅಭಿನಯಿಸಲು ಹೇಳುವುದುಂಟು. ಅಭ್ಯರ್ಥಿ ಕರೆಪತ್ರವನ್ನು ಎರಡು ಸಲ ಓದಿ, ಯಾವ ಯಾವ ಪರೀಕ್ಷೆಗಳಿವೆ, ಎಷ್ಟು ಹೊತ್ತು ಎಂಬುದು ತಿಳಿಯದಿದ್ದರೆ ಆ ಸಂಸ್ಥೆಯನ್ನೇ ವಿನಯದಿಂದ ಕೇಳಬಹುದು. ಅದು ತಪ್ಪಲ್ಲ. ಒಂದು ಅಂಶವನ್ನು ಮಾತ್ರ ಎಲ್ಲೆಡೆಯೂ ನೆನಪಿಡಬೇಕು. ಇಂಥ ಆಯ್ಕೆಗಳಲ್ಲಿ ಪಕ್ಕದವನು ಸೋತರೆ ನಾನು ಗೆದ್ದೆ ಎಂಬ ಲೆಕ್ಕ ನಡೆಯದು. ಒಂದು ಪರೀಕ್ಷೆಯಲ್ಲಿ ಎಡವಿದವನು ಅದನ್ನೇ ಕೊರಗದೆ ಮುಂದಿನದಕ್ಕೆ ಹೊಸ ಮನಸ್ಸಿನಿಂದ ಹೋದರೆ, ಆ ಚೇತರಿಕೆಯೂ ಗುಣವೇ.

ಹೊರಡುವ ವಾರದಲ್ಲಿ ಮನೆಯವರು ಮಾಡಬೇಕಾದುದು ಸ್ವಲ್ಪವೇ. ಮೂಲ ಅಂಕಪಟ್ಟಿ, ಜನ್ಮದಿನಾಂಕದ ದಾಖಲೆ, ಗುರುತಿನ ಚೀಟಿ, ಭಾವಚಿತ್ರಗಳನ್ನು ಕರೆಪತ್ರದ ಪಟ್ಟಿಯೊಡನೆ ತಾಳೆ ನೋಡಿ ಒಂದೇ ಚೀಲದಲ್ಲಿಡಿ. ಪಾವಗಡದಿಂದ ಬೆಂಗಳೂರು ಬಸ್ಸಿನಲ್ಲಿ ದೀರ್ಘ ದಾರಿ. ಪರೀಕ್ಷೆಯ ದಿನವೇ ನಸುಕಿನಲ್ಲಿ ಹೊರಟು ದಣಿದ ಮುಖದಿಂದ ತಲಪುವ ಬದಲು ಹಿಂದಿನ ದಿನವೇ ನೆಂಟರ ಮನೆಗೆ ಸೇರಿಕೊಳ್ಳಲಿ. ಹೊಸ ಬೂಟು ಆ ದಿನವೇ ಮೊದಲ ಬಾರಿ ಹಾಕುವುದು ಬೇಡ. ಎರಡು ವಾರ ಮುಂಚೆ ಹಾಕಿ ನಡೆದಾಡಲಿ. ರಾತ್ರಿ ಓದಿಸಬೇಡಿ, ಮಲಗಿಸಿ. ಎಲ್ಲಕ್ಕಿಂತ ಹೆಚ್ಚಾಗಿ, ‘ನಿನ್ನ ಮೇಲೇ ಮನೆ ನಿಂತಿದೆ, ಬರಿಗೈಯಲ್ಲಿ ಬರಬೇಡ’ ಎಂಬ ಮಾತನ್ನು ಬಾಗಿಲಲ್ಲಿ ಆಡಬೇಡಿ. ಆ ಭಾರ ಹೊತ್ತು ಹೋದವನು ಜೊತೆಗಾರನಿಗೆ ಕೈ ಕೊಡಲಾರ. ಅವನ ಎರಡು ಕೈಗಳೂ ಮನೆಯನ್ನು ಹಿಡಿದುಕೊಂಡಿರುತ್ತವೆ.

ಕೊನೆಯದಾಗಿ, ಆಯ್ಕೆಯಾಗದೆ ಮರಳಿದವರ ವಿಷಯ. ಮರಳುವವರೇ ಹೆಚ್ಚು ಎಂಬುದನ್ನು ಮರೆಯಬಾರದು. ಮದ್ರಾಸಿನಲ್ಲಿ ವಿಮಾನಶಾಸ್ತ್ರ ಓದಿದ ತರುಣನೊಬ್ಬ ವಾಯುಪಡೆಯ ಆಯ್ಕೆಗೆಂದು ಡೆಹ್ರಾಡೂನಿಗೆ ಹೋಗಿದ್ದ. 25 ಜನರಲ್ಲಿ ಅವನಿಗೆ ಒಂಬತ್ತನೆಯ ಸ್ಥಾನ. ಬೇಕಾಗಿದ್ದವರು ಎಂಟೇ ಜನ. ವಿಮಾನ ಹಾರಿಸುವ ಕನಸು ಅಲ್ಲಿಗೆ ಮುಗಿಯಿತು. ಆ ತರುಣ ಎ.ಪಿ.ಜೆ. ಅಬ್ದುಲ್ ಕಲಾಂ. ಅವರ ಮುಂದಾಳತ್ವದ ಎಸ್.ಎಲ್.ವಿ.-3 ರಾಕೆಟ್ 1980ರಲ್ಲಿ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. 2002ರಿಂದ 2007ರವರೆಗೆ ಅವರು ರಾಷ್ಟ್ರಪತಿಯಾಗಿ ಮೂರೂ ಸೇನೆಗಳ ಪರಮೋಚ್ಚ ದಂಡನಾಯಕರಾಗಿದ್ದರು. ಸೋತವರೆಲ್ಲ ಕಲಾಂ ಆಗುವರೆಂದು ನಾವು ಹೇಳುತ್ತಿಲ್ಲ. ಒಂದು ಮಂಡಳಿ, ಒಂದು ಹುದ್ದೆಗಾಗಿ, ಕೆಲವು ದಿನಗಳಲ್ಲಿ ಮಾಡಿದ ಅಳತೆ ಮನುಷ್ಯನ ಪೂರ್ತಿ ಬೆಲೆಯಲ್ಲ ಎಂದಷ್ಟೇ ಹೇಳುತ್ತಿದ್ದೇವೆ. ವಯೋಮಿತಿ ಇರುವವರೆಗೆ ಲಿಖಿತ ಪರೀಕ್ಷೆ ಬರೆದು ಮತ್ತೆ ಹೋಗಬಹುದು. ಎರಡನೆಯ, ಮೂರನೆಯ ಸಲ ಆಯ್ಕೆಯಾದವರು ಬಹಳ ಜನ. ಆದರೆ ಮೊದಲ ದಿನವೇ ಮರಳಿದ ಹುಡುಗನನ್ನು ಬಸ್ ನಿಲ್ದಾಣದಲ್ಲಿ ಹತ್ತು ಜನ ತಡೆದು ‘ಏನಾಯ್ತಪ್ಪ?’ ಎಂದು ಕೇಳಿ ನಕ್ಕರೆ, ಅವನು ಮತ್ತೆ ಅರ್ಜಿ ಹಾಕುವುದಿಲ್ಲ. ಅವನನ್ನು ನೋಡಿದ ಅವನ ತಮ್ಮನೂ ಹಾಕುವುದಿಲ್ಲ. ಬದಲಿಗೆ ಮುಂದಿನ ಭಾನುವಾರ ಆ ವೃತ್ತದ ನಡುವೆ ಅವನನ್ನು ಕೂರಿಸಿ, ಅಲ್ಲಿ ಕಂಡುದನ್ನು ಹೇಳೆಂದು ಕೇಳಿದರೆ, ಅವನೇ ಊರಿನ ಮೊದಲ ಗುರು.

ರಾಯಚರ್ಲುವಿನ ಆ ಮನೆಗೆ ಮರಳೋಣ. ತಂದೆಯ ಪ್ರಶ್ನೆಗೆ ಈಗ ಉತ್ತರವಿದೆ. ಐದು ದಿನ ಅವರು ನೋಡುವುದು, ಹದಿನೆಂಟು ವರ್ಷ ಆ ಮನೆ, ಆ ಶಾಲೆ, ಆ ಊರು ಬೆಳೆಸಿದ ಮನುಷ್ಯನನ್ನು. ಅವನು ನೆನೆದುದು, ನುಡಿದುದು, ಮಾಡಿದುದು ಒಂದೇ ಆಗಿದೆಯೇ ಎಂಬುದನ್ನು. ಇದಕ್ಕೆ ಕರೆ ಬಂದ ಮೇಲೆ ಸಿದ್ಧತೆ ಆರಂಭಿಸಿದರೆ ತಡವಾಯಿತು. ಇಂದು ರಾತ್ರಿಯ ಊಟಕ್ಕೆ ಕುಳಿತಾಗ ಮನೆಯ ಕಿರಿಯ ಮಗುವನ್ನು ‘ಇದಕ್ಕೆ ನೀನೇನು ಹೇಳ್ತೀಯ?’ ಎಂದು ಕೇಳಿ, ಅದು ಹೇಳಿ ಮುಗಿಸುವವರೆಗೆ ಕಾಯುವುದರಿಂದ ಆರಂಭಿಸಬಹುದು.